ಸಾರಿನ ಕೊಳಗಕ್ಕೆ ನಾಲ್ಕು ಗಾಲಿ

ಯಾರನ್ನಾದರೂ ನೋಡಲು ಆಸ್ಪತ್ರೆಗೆ ಹೋದರೆ ನನ್ನ ಕಣ್ಣು ಮೊದಲು ಬೀಳುವುದು ಮಂಚದ ಮೇಲೆ ಮಲಗಿದವರ ಮೇಲಲ್ಲ, ಮಂಚದ ಕಾಲಿಗೆ ಹಾಕಿರುವ ಗಾಲಿಯ ಮೇಲೆ. ರೈಲು ನಿಲ್ದಾಣದಲ್ಲೂ ಅಷ್ಟೆ. ನೆಂಟರು ಗಾಡಿಯಿಂದ ಇಳಿದು ನನಗಾಗಿ ಅತ್ತಿತ್ತ ನೋಡುತ್ತಿದ್ದರೆ, ನಾನು ಪಾರ್ಸೆಲ್ ಸಾಗಿಸುವ ತಳ್ಳುಗಾಡಿಯ ಹಿಂದೆ ಬಗ್ಗಿಕೊಂಡು ನಡೆದಿರುತ್ತೇನೆ. ನನ್ನ ಹೆಂಡತಿ ಗಿರಿಜ ಈ ಚಟವನ್ನು ಸಹಿಸಿಕೊಂಡಿದ್ದಾಳೆ. ಊರಿನ ಬೇರೆ ಗಂಡಸರ ಕಣ್ಣು ಹರಿಯುವ ಕಡೆಗಳನ್ನು ನೆನೆದರೆ ಗಾಲಿಯೇ ವಾಸಿ ಎಂದು ಅವಳ ಸಮಾಧಾನ.

ಇದು ಹುಟ್ಟಿನಿಂದ ಬಂದ ಚಟವಲ್ಲ. ಸ್ವಾತಂತ್ರ್ಯ ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ನಾನಾಗ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಿದ್ದೆ. ಜೊತೆಗೆ ಲಕ್ಷ್ಮೀಪುರಂನಲ್ಲಿ ಒಂದು ಮಠದವರು ನಡೆಸುತ್ತಿದ್ದ ವಿದ್ಯಾರ್ಥಿನಿಲಯದ ಪಾಲಕನೂ ಆಗಿದ್ದೆ. ಹಳ್ಳಿಯಿಂದ ಓದಲು ಬಂದ ಹುಡುಗರಿಗೆ ಅಲ್ಲಿ ಊಟ, ವಸತಿ ಎರಡೂ ಧರ್ಮಾರ್ಥ. ನಿಲಯಪಾಲಕ ಎಂದರೆ ಭಾರಿ ಅಧಿಕಾರ ಎಂದು ಹೊರಗಿನವರು ತಿಳಿದಿದ್ದರು. ನಿಜವಾಗಿ ನಿಲಯ ನಡೆಯುತ್ತಿದ್ದದ್ದು ಅಡುಗೆಯ ರಾಚಪ್ಪನವರಿಂದ. ಅವರು ಒಂದು ದಿನ ಒಲೆ ಹಚ್ಚದಿದ್ದರೆ ಏನಾಗುತ್ತದೆ ಎಂದು ಯೋಚಿಸಿ ನೋಡಿ. ನಾನು ಒಂದು ತಿಂಗಳು ಬರದಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ.

ರಾಚಪ್ಪನವರು ಚಾಮರಾಜನಗರದ ಕಡೆಯವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಹುಡುಗರೆಲ್ಲ ಪಂಕ್ತಿಯಲ್ಲಿ ಕೂತು ಪ್ರಾರ್ಥನೆ ಮುಗಿಸುವ ಹೊತ್ತಿಗೆ ಸರಿಯಾಗಿ, ಅವರೂ ಅಡುಗೆಯ ಇನ್ನೊಬ್ಬ ಆಳೂ ಸೇರಿ ಸಾರಿನ ದೊಡ್ಡ ಕೊಳಗದ ಹಿಡಿಬಳೆಗಳಿಗೆ ಬಟ್ಟೆ ಸುತ್ತಿ ಹಿಡಿದು ಅಡುಗೆಮನೆಯಿಂದ ಊಟದ ಹಜಾರಕ್ಕೆ ತರುತ್ತಿದ್ದರು. ಅಲ್ಲಿಂದ ಮುಂದೆ ಬಡಿಸುವುದು ರಾಚಪ್ಪನವರೇ. ಬೇಕೇ, ಸಾಕೇ ಎಂದು ಅವರು ಕೇಳಿದ್ದನ್ನು ನಾನು ಕಂಡಿಲ್ಲ. ಹುಡುಗನ ಮುಖ ನೋಡುತ್ತಿದ್ದರು, ಸೌಟು ಬಗ್ಗಿಸುತ್ತಿದ್ದರು. ಪರೀಕ್ಷೆಯಲ್ಲಿ ಯಾರು ನಪಾಸಾದರು ಎಂಬುದು ನನಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು.

ಒಂದು ಬೇಸಿಗೆ ರಜೆಯ ಮೊದಲಲ್ಲೇ ಅವರು ಬಚ್ಚಲಲ್ಲಿ ಜಾರಿ ಬಿದ್ದು ಬಲಭುಜ ಮುರಿದುಕೊಂಡರು. ಮೂಳೆ ಕೂಡಿತು, ಶಕ್ತಿ ಬರಲಿಲ್ಲ. ಸೌಟು ಆಡಿಸಬಹುದು, ಕೊಳಗ ಎತ್ತುವ ಹಾಗಿಲ್ಲ. ಹುಡುಗರು ಎತ್ತಲಿ ಎಂದರೆ ಅದಕ್ಕೆ ನಿಲಯದ ಕಟ್ಟಳೆ ಅಡ್ಡ. ಓದಲು ಬಂದ ಮಕ್ಕಳು ಬೆಂಕಿ ಬಿಸಿಯ ಹತ್ತಿರ ಸುಳಿಯಕೂಡದು ಎಂದು ಹಿಂದೆ ಯಾವಾಗಲೋ ಬರೆದಿಟ್ಟಿದ್ದರು. ಧರ್ಮದರ್ಶಿ ಪುಟ್ಟಬಸಪ್ಪನವರು, ಅಕ್ಕಿ ಮಂಡಿಯ ದೊಡ್ಡ ವರ್ತಕರು, ಮಾತು ಕಡಿಮೆಯ ಮನುಷ್ಯ, ನನ್ನನ್ನು ಕರೆಸಿ ರಾಚಪ್ಪ ಊರಿಗೆ ಹೋಗಿ ವಿಶ್ರಾಂತಿ ಪಡೆಯಲಿ, ಕಾಲೇಜು ಶುರುವಾಗುವ ಹೊತ್ತಿಗೆ ಹೊಸ ಅಡುಗೆಯವನನ್ನು ನೇಮಿಸೋಣ ಎಂದರು. ಕೆಟ್ಟ ಮನಸ್ಸಿನಿಂದ ಆಡಿದ ಮಾತೇನಲ್ಲ. ಆದರೆ ಅದನ್ನು ರಾಚಪ್ಪನವರಿಗೆ ತಲುಪಿಸಬೇಕಾದವನು ನಾನು.

ಅವರು ಹುಣಸೆಹಣ್ಣು ಬಿಡಿಸುತ್ತ ಕೇಳಿಸಿಕೊಂಡರು. "ಊರಲ್ಲಿ ನನ್ನ ಯಾರು ಗುರುತು ಹಿಡಿತಾರೆ ಮೇಷ್ಟ್ರೇ? ಇಲ್ಲಾದ್ರೆ ಹಸಿದೋರ್ಗೆಲ್ಲ ನಾನು ಗೊತ್ತು" ಎಂದರು. ಆಮೇಲೆ ಮತ್ತೆ ಹುಣಸೆಹಣ್ಣು ಬಿಡಿಸಿದರು.

ನನಗೆ ಆ ದಿನ ಊಟ ಸೇರಲಿಲ್ಲ. ಮಾರನೆಯ ದಿನ ಪುಟ್ಟಬಸಪ್ಪನವರ ಮಂಡಿಗೆ ಸೈಕಲ್ ತುಳಿದು, ಕೊಳಗಕ್ಕೆ ಒಂದು ಗಾಲಿ ಗಾಡಿ ಮಾಡಿಸುತ್ತೇನೆ, ಎತ್ತುವ ಕೆಲಸವೇ ಇರುವುದಿಲ್ಲ ಎಂದೆ. ಅವರು ಕಾಲೇಜು ತೆರೆದ ದಿನ ತಾವೇ ಊಟದ ಹೊತ್ತಿಗೆ ಬರುವುದಾಗಿಯೂ, ಗಾಡಿ ನಡೆದರೆ ರಾಚಪ್ಪ ಉಳಿಯಬಹುದೆಂದೂ, ನಡೆಯದಿದ್ದರೆ ಹೊಸಬ ಬರುತ್ತಾನೆಂದೂ ಹೇಳಿದರು. ಭೌತಶಾಸ್ತ್ರದ ಮೇಷ್ಟರಿಗೆ ಗಾಲಿ ಆರಿಸುವುದು ಯಾವ ಮಹಾ ಕೆಲಸ ಎಂಬ ಧೈರ್ಯದಲ್ಲಿ ನಾನು ಒಪ್ಪಿಕೊಂಡುಬಿಟ್ಟೆ.

ಯುದ್ಧ ಮುಗಿದ ಮೇಲೆ ಸೈನ್ಯದವರಿಗೆ ಬೇಡವಾದ ಸಾಮಾನುಗಳನ್ನು ಸರ್ಕಾರ ಹರಾಜು ಹಾಕಿತ್ತಲ್ಲ, ಆ ಡಿಸ್ಪೋಸಲ್ ಮಾಲು ಆಗ ಎಲ್ಲೆಲ್ಲೂ ಸಿಗುತ್ತಿತ್ತು. ನಮ್ಮೂರಿನಲ್ಲಿ ಮಂಡಿ ಮೊಹಲ್ಲಾದ ಹಯಾತ್ ಸಾಹೇಬರ ಅಂಗಡಿ ಅದಕ್ಕೆ ಹೆಸರಾಗಿತ್ತು. ಒಳಗೆ ಹೋದರೆ ಛಾವಣಿಯವರೆಗೂ ಗಾಲಿಗಳು. ಮದ್ದಿನ ಪೆಟ್ಟಿಗೆ ಹೊತ್ತವು, ವಿಮಾನದ ಷೆಡ್ಡಿನಲ್ಲಿ ಯಂತ್ರ ಹೊತ್ತವು, ಎಲ್ಲವೂ ಸಾರು ಹೊರಲು ಸಿದ್ಧವಾಗಿ ನನ್ನನ್ನೇ ನೋಡುತ್ತಿದ್ದವು. ಸಾಹೇಬರು ಹೆಣ್ಣಿನ ಕಡೆಯವರಂತೆ ಪ್ರಶ್ನೆ ಕೇಳಿದರು. ಭಾರ ಎಷ್ಟು? ನೆಲ ಗಾರೆಯದೋ ಕಲ್ಲಿನದೋ? ನೀರು ಬೀಳುತ್ತದೆಯೇ? ಹೊತ್ತುಕೊಂಡು ಓಡಬೇಕೋ, ಹೊತ್ತುಕೊಂಡು ನಿಲ್ಲಬೇಕೋ? ಕೊನೆಯದು ನನಗೆ ಬಹಳ ಹಿಡಿಸಿತು. ರಬ್ಬರಿನ ಗಾಲಿ ಭಾರ ಹೊತ್ತು ಒಂದೇ ಕಡೆ ಬಹಳ ದಿನ ನಿಂತರೆ ಅಡಿಯಲ್ಲಿ ಚಪ್ಪಟೆಯಾಗಿ ಹೋಗುತ್ತದಂತೆ, ಆಮೇಲೆ ಜನ್ಮವಿಡೀ ಕುಂಟುತ್ತದಂತೆ. ನಮ್ಮ ಆಫೀಸುಗಳಲ್ಲಿ ಒಂದೇ ಕುರ್ಚಿಯಲ್ಲಿ ಕೂತು ಚಪ್ಪಟೆಯಾದ ಎಷ್ಟೋ ಜನ ನೆನಪಾದರು.

ಕಬ್ಬಿಣದ ಗಾಲಿಗೆ ಆ ರೋಗವಿಲ್ಲ, ಎಷ್ಟು ಹೇರಿದರೂ ಅದು ಬಗ್ಗುವುದಿಲ್ಲ. ಆದರೆ ಕಲ್ಲುಚಪ್ಪಡಿಯ ಮೇಲೆ ಅದು ಮಾಡುವ ಗಲಾಟೆಗೆ ಪ್ರಾರ್ಥನೆ ಇರಲಿ, ಪಕ್ಕದವನ ಮಾತೂ ಕೇಳಿಸುವುದಿಲ್ಲ. ಅಲ್ಲದೆ ಗಾಲಿ ಬಗ್ಗದಿದ್ದರೆ ನೆಲ ಒಡೆಯುತ್ತದೆ. ಇಬ್ಬರಲ್ಲಿ ಯಾರಾದರೊಬ್ಬರು ತುಸು ಮೆತ್ತಗಿರಲೇಬೇಕು ಎಂಬುದು ಸಂಸಾರಿಗಳಿಗೆಲ್ಲ ಗೊತ್ತಿರುವ ವಿಷಯ. ಕೊನೆಗೆ ಒಳಗೆ ಕಬ್ಬಿಣ, ಹೊರಗೆ ದಪ್ಪ ರಬ್ಬರು ಇರುವ, ಗೇಣೆತ್ತರದ ನಾಲ್ಕು ಗಾಲಿ ಆರಿಸಿದೆ. ನಾಲ್ಕೂ ಎಲ್ಲ ದಿಕ್ಕಿಗೂ ತಿರುಗುವಂಥವು.

ಅಲ್ಲಿ ಮೊದಲ ಪಾಠ ಕಲಿತೆ. ನಾಲ್ಕು ಗಾಲಿಗೂ ತಿರುಗುವ ಸ್ವಾತಂತ್ರ್ಯ ಕೊಟ್ಟರೆ ಗಾಡಿ ಎಲ್ಲಿಗೂ ಹೋಗುವುದಿಲ್ಲ. ಬಡಗಿ ಹಿತ್ತಿಲಿಗೆ ತಂದು ನಿಲ್ಲಿಸಿದ ಗಾಡಿಯನ್ನು ನಾನು ಮುಂದಕ್ಕೆ ತಳ್ಳಿದೆ, ಅದು ಪಕ್ಕಕ್ಕೆ ಹೋಯಿತು. ಪಕ್ಕಕ್ಕೆ ತಳ್ಳಿದೆ, ಸುತ್ತು ಹೊಡೆಯಿತು. ನಮ್ಮ ಕಾಲೇಜಿನ ಅಧ್ಯಾಪಕರ ಸಭೆಯಲ್ಲಿ ಕೂತ ಹಾಗಾಯಿತು. ಹಿಂದಿನ ಎರಡನ್ನು ಬಿಚ್ಚಿಸಿ ನೆಟ್ಟಗೆ ಓಡುವ ಗಾಲಿಗಳನ್ನು ಹಾಕಿಸಿದೆ. ಮುಂದಿನವು ಬೇಕಾದ ಕಡೆ ನೋಡಲಿ, ಹಿಂದಿನವು ಹಟ ಹಿಡಿದು ನೇರ ಬರಲಿ. ಮನೆಯಲ್ಲಿ ನಾನು ಮುಂದಿನ ಗಾಲಿ, ಗಿರಿಜ ಹಿಂದಿನ ಗಾಲಿ ಎಂದು ಅವಳಿಗೆ ವಿವರಿಸಿದೆ. ಹಾಗಾದರೆ ತಳ್ಳುವವರು ಯಾರು ಎಂದು ಅವಳು ಕೇಳಿದ್ದಕ್ಕೆ ಈವರೆಗೂ ಉತ್ತರ ಹೊಳೆದಿಲ್ಲ.

ಹಿತ್ತಿಲಿನ ಚಪ್ಪಡಿಯ ಮೇಲೆ ಅಕ್ಕಿ ಮೂಟೆ ಹೇರಿ ಪರೀಕ್ಷೆ ಮಾಡಿದೆವು. ರಾಚಪ್ಪನವರು ಎಡಗೈಯೊಂದರಲ್ಲೇ ತಳ್ಳಿದರು. ಗಾಡಿ ಸದ್ದಿಲ್ಲದೆ ಹೊರಟಿತು. ಅವರು ನಿಲ್ಲಿಸಿದರು, ತಿರುಗಿಸಿದರು, ಮತ್ತೆ ತಳ್ಳಿದರು, ಹಿತ್ತಿಲು ಸುತ್ತಿದರು. ಆಮೇಲೆ ಬಡಗಿಯೂ ಆಳೂ ಸೇರಿ ಖಾಲಿ ಗಾಡಿಯನ್ನು ಎತ್ತಿ ಬಾಗಿಲು ದಾಟಿಸಿ ಅಡುಗೆಮನೆಯೊಳಗೆ ಇಟ್ಟರು. ಎತ್ತಿ ಇಟ್ಟದ್ದನ್ನು ನಾನೂ ನೋಡಿದೆ, ರಾಚಪ್ಪನವರೂ ನೋಡಿದರು. ನೋಡಿದೆವು ಅಷ್ಟೆ.

ಕಾಲೇಜು ತೆರೆದ ದಿನ ಬಂತು. ಬೆಳಿಗ್ಗೆಯೇ ರಾಚಪ್ಪನವರು ಎಂದಿನಂತೆ ಅಡುಗೆಮನೆಯ ಹೊಸ್ತಿಲು ತೊಳೆದು, ವಿಭೂತಿ ಎಳೆದು, ಹೂವಿಟ್ಟು, ಮಿಕ್ಕ ವಿಭೂತಿಯನ್ನು ನಾಲ್ಕು ಗಾಲಿಗಳಿಗೂ ಹಚ್ಚಿದರು. ಮಧ್ಯಾಹ್ನ ಪುಟ್ಟಬಸಪ್ಪನವರು ಪೇಟ, ಕೋಟು ತೊಟ್ಟು ಬಂದು ಹಜಾರದ ಬೆಂಚಿನ ಮೇಲೆ ಕೂತರು. ಹುಡುಗರು ಎಲೆಯ ಮುಂದೆ ಕೂತು ಪ್ರಾರ್ಥನೆ ಮುಗಿಸಿದರು. ಒಳಗಿನಿಂದ ಕೊಳಗ ಹೊತ್ತ ಗಾಡಿ ಹೊರಟಿತು. ಸದ್ದೇ ಇಲ್ಲ. ಆ ನಿಶ್ಶಬ್ದ ನಾನು ಆರಿಸಿ ತಂದದ್ದು ಎಂಬ ಜಂಬದಲ್ಲಿ ನಾನು ಮೀಸೆ ತಿರುವುತ್ತಿದ್ದೆ. ಅಷ್ಟರಲ್ಲಿ ದಡ್ ಎಂದಿತು. ಗಾಡಿ ಹೊಸ್ತಿಲಿಗೆ ಬಡಿದು ನಿಂತಿತ್ತು. ಸಾರು ತುಳುಕಿ ನೆಲಕ್ಕೆ ಚೆಲ್ಲಿತ್ತು.

ರಾಚಪ್ಪನವರು ಇನ್ನೊಮ್ಮೆ ತಳ್ಳಿದರು. ಆಳೂ ಕೈ ಹಾಕಿದ. ಗಾಡಿ ಅಲುಗಲಿಲ್ಲ.

ಅರ್ಧ ಗೇಣು ಎತ್ತರದ ಕಲ್ಲಿನ ಹೊಸ್ತಿಲು. ಗಾಲಿ ಒಂದು ಗೇಣು. ಗಾಲಿಯ ಅರ್ಧದಷ್ಟು ಎತ್ತರದ ಮೆಟ್ಟಿಲು ಎದುರಾದರೆ, ನೇರವಾಗಿ ಎಷ್ಟೇ ಬಲ ಹಾಕಿ ತಳ್ಳಿದರೂ ಗಾಲಿ ಹತ್ತುವುದಿಲ್ಲ. ಇದನ್ನು ನಾನು ವರ್ಷ ವರ್ಷವೂ ಬೋರ್ಡಿನ ಮೇಲೆ ಚಿತ್ರ ಬರೆದು ಸಾಧಿಸಿ ತೋರಿಸುತ್ತೇನೆ. ಹುಡುಗರಿಗೆ ಅರ್ಥವಾಗದಿದ್ದರೆ ಬೈಯುತ್ತೇನೆ. ಬೋರ್ಡಿನ ಮೇಲಿನ ಮೆಟ್ಟಿಲಿಗೆ ವಿಭೂತಿ, ಹೂವು ಇರುವುದಿಲ್ಲ, ಅದಕ್ಕೇ ಇರಬೇಕು ಇದನ್ನು ನಾನು ಮೆಟ್ಟಿಲೆಂದು ಎಣಿಸಲೇ ಇಲ್ಲ. ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಹೊಸ್ತಿಲು ತುಳಿಯಬೇಡ, ಹೊಸ್ತಿಲ ಮೇಲೆ ಕೂರಬೇಡ ಎಂದು ಅಂಬೆಗಾಲಿಡುವಾಗಿನಿಂದ ಹೇಳಿಸಿಕೊಂಡು ಬೆಳೆದವರು ನಾವು. ನಮ್ಮ ಕಾಲು ತಾನಾಗಿಯೇ ಎತ್ತಿಕೊಂಡು ದಾಟಿಬಿಡುತ್ತದೆ. ತುಳಿದಿದ್ದರೆ ಅದು ಎಷ್ಟು ಎತ್ತರ ಎಂದು ಕಾಲಿಗೆ ತಿಳಿದಿರುತ್ತಿತ್ತು. ದಿನವೂ ಮುಟ್ಟಿ ನಮಸ್ಕಾರ ಮಾಡುವ ರಾಚಪ್ಪನವರಿಗೂ ಅದು ದಾರಿಗೆ ಅಡ್ಡ ಇರುವ ಕಲ್ಲು ಎಂದು ಹೊಳೆದಿರಲಿಲ್ಲ. ಗೌರವ ಹೆಚ್ಚಾದರೆ ವಸ್ತು ಕಣ್ಣಿಗೆ ಕಾಣದೆ ಹೋಗುತ್ತದೆ.

ಆ ಹೊತ್ತಿನಲ್ಲಿ ಈ ತತ್ವವೆಲ್ಲ ಎಲ್ಲಿ ಬರಬೇಕು? ರಾಚಪ್ಪನವರ ಹತ್ತಿರ ಹೋಗಿ, ಹೊಸ್ತಿಲ ಮೇಲೆ ಇಳಿಜಾರಾಗಿ ಎರಡು ಹಲಗೆ ಹಾಕಿಸೋಣ, ಇವತ್ತೊಂದು ದಿನ ಧರ್ಮದರ್ಶಿಗಳಿಗೆ ನಾನು ಹೇಳಿಕೊಳ್ಳುತ್ತೇನೆ ಎಂದೆ.

ಅವರು ತಲೆಯಾಡಿಸಿದರು. "ಬ್ಯಾಡಿ ಮೇಷ್ಟ್ರೇ. ಇದರ ಮೇಲೆ ಚಕ್ರ ಹತ್ತಿಸಿ ನಾನು ಇರಬೇಕಾ? ಹೊಸಬ ಬರ್ಲಿ ಬುಡಿ."

ಪುಟ್ಟಬಸಪ್ಪನವರು ಬೆಂಚಿನಿಂದ ಎದ್ದರು. ತೀರ್ಪು ಬಂತು ಎಂದುಕೊಂಡೆ. ಅವರು ಪೇಟ ತೆಗೆದು ಕಿಟಕಿಯಲ್ಲಿಟ್ಟರು. ಕೋಟು ಬಿಚ್ಚಿ ಬೆಂಚಿನ ಮೇಲೆ ಹಾಕಿದರು. ಹೊಸ್ತಿಲು ದಾಟಿ ಒಳಗೆ ಬಂದು, ಗೂಟದ ಮೇಲಿದ್ದ ಬಟ್ಟೆಯನ್ನು ಕೊಳಗದ ಬಳೆಗೆ ಸುತ್ತಿದರು.

"ಮೇಷ್ಟ್ರೇ, ಆ ಕಡೆ ಹಿಡೀರಿ."

ಹಿಡಿದೆ. ಇಬ್ಬರೂ ಎತ್ತಿದೆವು. ಆಳು ಗಾಡಿಯನ್ನು ಎತ್ತಿ ಆಚೆಗಿಟ್ಟ. ಹೊಸ್ತಿಲಿನ ಮೇಲೆ ಕಾಲು ಸೋಕದ ಹಾಗೆ ನಾವು ಅಡ್ಡಡ್ಡ ಹೆಜ್ಜೆ ಹಾಕುತ್ತಿದ್ದಾಗ ಹಿಂದಿನಿಂದ ರಾಚಪ್ಪನವರ ಧ್ವನಿ ಬಂತು. ಅದು ಧರ್ಮದರ್ಶಿಗಳ ಜೊತೆ ಆಡುವ ಧ್ವನಿಯಾಗಿರಲಿಲ್ಲ.

"ಮೆತ್ತಗೆ ಕಣೋ ಪುಟ್ಟಾ. ಯಾವಾಗ್ಲೂ ನಿಂದು ಆತುರ, ಸಾರು ಚೆಲ್ತೀಯ."

ಪುಟ್ಟಬಸಪ್ಪನವರು ಆ ಕಟ್ಟಳೆಗೂ ಮುಂಚೆ ಇದೇ ನಿಲಯದಲ್ಲಿ ಓದಿದವರು ಎಂದು ನನಗೆ ಆ ಕ್ಷಣದವರೆಗೂ ಯಾರೂ ಹೇಳಿರಲಿಲ್ಲ. ಅವರು "ಇಲ್ಲ ಕಣಣ್ಣ" ಎಂದಷ್ಟೇ ಅಂದು ಹೆಜ್ಜೆ ಸಣ್ಣದು ಮಾಡಿದರು. ಕೊಳಗ ಗಾಡಿಯ ಮೇಲೆ ಕೂತಿತು. ರಾಚಪ್ಪನವರು ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ದಾಟಿ ಬಂದು, ಎಡಗೈಯಲ್ಲಿ ಗಾಡಿ ತಳ್ಳುತ್ತ ಬಲಗೈಯಲ್ಲಿ ಸೌಟು ಹಿಡಿದು ಪಂಕ್ತಿಗೆ ಹೊರಟರು. ಕೈ ತೊಳೆದುಕೊಂಡು ಬಂದ ಪುಟ್ಟಬಸಪ್ಪನವರು ಕೊನೆಯಲ್ಲಿ ಹುಡುಗರ ಪಕ್ಕ ಕೂತರು. ಅವರ ಎಲೆಯ ಮುಂದೆ ಗಾಡಿ ನಿಂತಿತು. ರಾಚಪ್ಪನವರು ಮುಖ ನೋಡಿದರು, ಒಂದು ಸೌಟು ಬಡಿಸಿದರು, ಮತ್ತೆ ಮುಖ ನೋಡಿ ಇನ್ನೊಂದು ಸೌಟು ಬಡಿಸಿದರು. ಧರ್ಮದರ್ಶಿಗಳು ಸಾಕು ಎನ್ನಲಿಲ್ಲ. ನನ್ನ ಕಣ್ಣು ಒದ್ದೆಯಾದದ್ದು ಸಾರಿನ ಖಾರಕ್ಕೆ ಎಂದು ಪಕ್ಕದ ಹುಡುಗ ತಿಳಿದ.

ಹೊಸಬನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಕಟ್ಟಳೆಗೆ ಒಂದು ಸಾಲು ಸೇರಿತು, ಊಟದ ಹೊತ್ತಿನಲ್ಲಿ ದೊಡ್ಡ ತರಗತಿಯ ಇಬ್ಬರು ಕೊಳಗ ದಾಟಿಸಲು ಹೊಸ್ತಿಲ ಬಳಿ ನಿಲ್ಲತಕ್ಕದ್ದು ಎಂದು. ಆ ಸರದಿಗೆ ಹುಡುಗರು ಜಗಳವಾಡುತ್ತಿದ್ದರು.

ಈಗ ನನ್ನ ಗಾಲಿಯ ಹುಚ್ಚು ಊರಿಗೆಲ್ಲ ಗೊತ್ತು. ಕಾರ್ಖಾನೆ ಹಾಕುವವರು, ಅಚ್ಚುಕೂಟ ಇಟ್ಟವರು ಜಯಲಕ್ಷ್ಮಿಪುರಂನ ನಮ್ಮ ಮನೆಗೇ ಬಂದು, ಭಾರದ ಗಾಡಿಗೆ ಎಂಥ ಗಾಲಿ ಹಾಕಿಸಲಿ ಎಂದು ಕೇಳುತ್ತಾರೆ. ರಬ್ಬರು, ಕಬ್ಬಿಣ, ತಿರುಗುವುದು, ತಿರುಗದ್ದು, ಎಲ್ಲ ಬಿಡಿಸಿ ಹೇಳುತ್ತೇನೆ. ಆಮೇಲೆ, ದಾರಿಯಲ್ಲಿ ಹೊಸ್ತಿಲು ಇದೆಯೇ ಎನ್ನುತ್ತೇನೆ. ಇದೆ ಎಂದರೆ, ಅಲ್ಲಿ ಇಬ್ಬರು ಇರುತ್ತಾರೆಯೇ ಎಂದು ಕೇಳುತ್ತೇನೆ. ಇರುತ್ತಾರೆ ಎಂದವರಿಗೆ, ಯಾವ ಗಾಲಿಯಾದರೂ ನಡೆಯುತ್ತದೆ ಹೋಗಿ ಎಂದುಬಿಡುತ್ತೇನೆ.