ಮುಧೋಳವೋ, ಬೀಗಲ್ಲೋ?

“ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತೀರಾ?”

ಬಸವನಗುಡಿಯಲ್ಲಿ ನಾಯಿಮರಿ ಮಾರುವ ಹಿರಿಯರು ಹೀಗೆ ಕೇಳಿದಾಗ ತಬ್ಬಿಬ್ಬಾದೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವನು ನಾನು. ಮುಧೋಳ ತಳಿಯದು ತರುವುದೋ ಬೀಗಲ್ ತಳಿಯದು ತರುವುದೋ ಎಂದು ತಿಂಗಳುಗಟ್ಟಲೆ ಓದಿ, ನಾಲ್ಕು ಪುಟ ಬರೆದುಕೊಂಡು ಹೋಗಿದ್ದೆ. ಜೊತೆಗೆ ಬಂದ ಅಮ್ಮನಿಗೆ “ಅಲ್ಲಿ ಸುಮ್ನಿರು” ಎಂದೂ ಹೇಳಿದ್ದೆ.

“ಏಳೂವರೆ ಆಗುತ್ತೆ ಸರ್.”

“ಎರಡೂ ಬೇಟೆ ನಾಯಿ ಕಣ್ರೀ. ದಿನಾ ಓಡಾಡಿಸ್ದಿದ್ರೆ ನಿಮ್ಮ ಸೋಫಾನೇ ಬೇಟೆ ಆಡ್ತವೆ. ನಿಮಗೆ ಕೊಡಲ್ಲ.” ಅವರು ಅಮ್ಮನತ್ತ ತಿರುಗಿದರು. “ನೀವಮ್ಮಾ?”

“ಐದಕ್ಕೇ ಎದ್ದು ಚಾಮರಾಜಪೇಟೆಯಿಂದ ಇಲ್ಲೀಗಂಟ ನಡೀತೀನಿ ಸ್ವಾಮಿ. ಮನೆಕೆಲಸಕ್ಕೆ ಬರ್ತಿದ್ದ ದಾರಿ. ಕೆಲಸ ಬಿಟ್ಟೆ, ನಡಿಗೆ ಬಿಡ್ಲಿಲ್ಲ.”

“ಹಂಗಾದ್ರೆ ಯಾವುದು ಬೇಕು, ನೀವೇ ಹೇಳಿ.”

ಅಮ್ಮ ಎರಡು ಮರಿಗಳನ್ನೂ ನೋಡಿದಳು. “ಈ ಉದ್ದ ಕಾಲಿಂದು ದೂರದಲ್ಲಿ ಬೆಕ್ಕು ಕಂಡ್ರೂ ನನ್ನ ಕೆಡವಿ ಓಡುತ್ತೆ. ಆ ಜೋಲು ಕಿವೀದು ಎಲ್ಲಾ ಮೂಸ್ತಾ ನಿಂತ್ ನಿಂತ್ ಬರುತ್ತೆ. ಅದೇ ಕೊಡಿ.”

ನಾನು ಆ ಉದ್ದ ಕಾಲಿನ ಮುಧೋಳವೇ ಸರಿ ಎಂದು ತೀರ್ಮಾನಿಸಿದ್ದೆ. ಯಾರೂ ಕೇಳಲಿಲ್ಲ.

ಮರಿ ನೋಡಿಕೊಳ್ಳುವವರ ಒಪ್ಪಿಗೆಗೆಂದು ಹಿರಿಯರು ಕಾಗದ ತಂದರು. ನಾನು ಪೆನ್ನು ತೆಗೆದೆ. “ನೀವಲ್ಲ,” ಎಂದು ಕಾಗದವನ್ನು ಅಮ್ಮನ ಮುಂದಿಟ್ಟರು. “ನಂದು ಹೆಬ್ಬೆಟ್ಟು ಸ್ವಾಮಿ,” ಎಂದು ಅವಳು ಹೇಳಿದಾಗ ಶಾಯಿಯ ಡಬ್ಬಿಯನ್ನೂ ತಂದಿಟ್ಟರು.

ಹೈಸ್ಕೂಲಿನಿಂದಲೂ ಮನೆಯ ಪ್ರತಿ ಕಾಗದವನ್ನೂ ಓದಿ, ಇಲ್ಲಿ ಒತ್ತು ಎಂದು ಅಮ್ಮನ ಹೆಬ್ಬೆರಳು ಹಿಡಿದು ತೋರಿಸಿದವನು ನಾನು. ಅವತ್ತು ಅವಳು ನನ್ನ ಕಡೆ ತಿರುಗಲೂ ಇಲ್ಲ. ಎಲ್ಲಿ ಒತ್ತಬೇಕೆಂದು ಅವರನ್ನೇ ಕೇಳಿದಳು.