ಹವಾಲ್ದಾರ್ ಕಾಕಾ ಹೊಡೆಯದ ಸಲ್ಯೂಟ್

ಹಿತ್ತಾಳೆ ಉಜ್ಜುವ ಪಾಲಿಶ್‌ನ ವಾಸನೆ ನಿಮಗೆ ಗೊತ್ತಲ್ಲ? ಸೀಮೆಎಣ್ಣೆಯೂ ಅಲ್ಲದ, ಔಷಧಿಯೂ ಅಲ್ಲದ, ಮೂಗಿಗೆ ಚುರುಕ್ಕೆನ್ನುವ ಘಾಟು. ಇವತ್ತು ಬೆಳಿಗ್ಗೆ ಬೇಲಾಪುರದ ನಮ್ಮ ಮನೆಯಲ್ಲಿ ಅಮ್ಮನ ಕಾಲದ ದೀಪ ಉಜ್ಜುತ್ತ ಕೂತಿದ್ದೆ. ಪಕ್ಕದಲ್ಲಿ ನಮ್ಮ ಹೌಸಿಂಗ್ ಸೊಸೈಟಿಯ ಕಾಗದವೊಂದು ಸೆಕ್ರೆಟರಿಯಾದ ನನ್ನ ಸಹಿಗೆ ಕಾದಿತ್ತು. ನಾಳೆಯಿಂದ ಗೇಟಿನ ವಾಚ್‌ಮನ್‌ಗಳು ಒಳಬರುವ ಪ್ರತಿ ಕಾರಿಗೂ ಸಲ್ಯೂಟ್ ಹೊಡೆಯತಕ್ಕದ್ದು, ತಪ್ಪಿದವರನ್ನು ತೆಗೆದುಹಾಕಲಾಗುವುದು. ನಾನು ಇಂಥವಕ್ಕೆಲ್ಲ ಓದದೆಯೇ ಸಹಿ ಹಾಕುವವಳು. ಪೆನ್ನು ಎತ್ತಿದಾಗ ಬೆರಳಿಗೆ ಮೆತ್ತಿದ್ದ ಆ ಘಾಟು ಮೂಗಿಗೆ ಬಡಿಯಿತು. ಪೆನ್ನು ಕೆಳಗಿಟ್ಟೆ.

ಅದು ಹವಾಲ್ದಾರ್ ಕಾಕಾನ ವಾಸನೆ. ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಠಾಣೆ ಊರಿನ ಒಂದು ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್. ಡೊಂಬಿವಲಿಯಿಂದ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಒಂಟಿ ಕಾಲ ಮೇಲೆ ನಿಂತು ಬಂದರೂ ಸೀರೆಯ ನೆರಿಗೆ ಕೆಡಬಾರದು, ಕಾಗದದಲ್ಲಿ ಒಂದಕ್ಷರ ತಪ್ಪಬಾರದು. ನನ್ನ ಇಂಗ್ಲಿಷಿನ ಬಗ್ಗೆ ನನಗೆ ಎಷ್ಟು ಜಂಬವಿತ್ತೆಂದರೆ, ಈಗ ನೆನೆದರೆ ನಗು ಬರುತ್ತದೆ. ಕಾಕಾ ಅಲ್ಲಿ ಗೇಟಿನ ವಾಚ್‌ಮನ್. ಬಿಜಾಪುರದ ಕಡೆಯವರು. ಬೆಳಗಾವಿಯಲ್ಲಿ ಸೈನ್ಯಕ್ಕೆ ಭರ್ತಿಯಾಗಿ, ಎಪ್ಪತ್ತೊಂದರ ಯುದ್ಧದಲ್ಲಿ ಎಡಗಾಲಿನ ಎರಡು ಬೆರಳು ಕಳೆದುಕೊಂಡು, ಹವಾಲ್ದಾರರಾಗಿ ನಿವೃತ್ತರಾಗಿ ಇಲ್ಲಿಗೆ ಬಂದಿದ್ದರು. ಕಂಪನಿ ಕೊಟ್ಟ ಖಾಕಿ ಅಂಗಿಯ ಹಿತ್ತಾಳೆ ಗುಂಡಿಗಳನ್ನು ದಿನಾ ಬೆಳಿಗ್ಗೆ ಗೇಟಿನ ಕೋಣೆಯಲ್ಲಿ ಕೂತು ತಿಕ್ಕುತ್ತಿದ್ದರು. ಆ ಇಡೀ ಕಾರ್ಖಾನೆಯಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಮನೆಯಲ್ಲಿ ತುಳು ಮಾತಾಡುವ ನನ್ನ ಪುಸ್ತಕದಂಥ ಕನ್ನಡ ಕೇಳಿ ಅವರು ನಗುತ್ತಿದ್ದರು.

ರಜೆಯ ದಿನ ಕಾಕಾ ಕಲ್ಯಾಣ ಸ್ಟೇಷನ್ನಿಗೆ ಹೋಗಿ ಕೂರುತ್ತಿದ್ದರು. ಕಲ್ಯಾಣದ ಆಚೆಯ ಹಳೆಯ ಮಿಲಿಟರಿ ಕ್ಯಾಂಪು ಎತ್ತಿಹೋಗಿ ಎಷ್ಟೋ ವರ್ಷಗಳಾಗಿದ್ದರೂ ರಿಕ್ಷಾದವರು ‘ಕ್ಯಾಂಪ್, ಕ್ಯಾಂಪ್’ ಎಂದೇ ಕೂಗುತ್ತಿದ್ದ ಕಾಲ ಅದು. ಸೈನಿಕರನ್ನು ಹೊತ್ತ ಗಾಡಿ ನಿಂತರೆ ಕಾಕಾ ಕಿಟಕಿಯಿಂದ ಕಿಟಕಿಗೆ ಓಡಿ ಜವಾನರ ನೀರಿನ ಬಾಟಲಿ ತುಂಬಿಸಿ ಕೊಡುತ್ತಿದ್ದರು. “ಪರಿಚಯದವರು ಇದ್ದಾರಾ ಕಾಕಾ?” ಎಂದು ಒಮ್ಮೆ ಕೇಳಿದೆ. “ಕರೀ ಟ್ರಂಕಿನ ಮ್ಯಾಲೆ ಬಿಳೀ ಬಣ್ಣದಾಗ ನಂಬರ್ ಬರಸ್ಕೊಂಡಾರಲ್ಲ ತಂಗಿ, ಅವ್ರೆಲ್ಲಾ ನಮ್ಮವರ,” ಎಂದರು. ಅಂಥದೇ ಟ್ರಂಕು ಅವರ ಠಾಕುರ್ಲಿಯ ಕೋಣೆಯಲ್ಲೂ ಇತ್ತು. ಆ ಕೋಣೆ ಕಂಪನಿಯದು. ಅದರಲ್ಲಿ ಕಾಕಾ, ಅವರ ಹೆಂಡತಿ, ಒಂಬತ್ತನೇ ಕ್ಲಾಸಿನ ಮಗಳು.

ಆಗಿನ ಸೇಠ್‌ಗಳಿಗೆ ಮಾಜಿ ಸೈನಿಕರೆಂದರೆ ಬಲು ಪ್ರೀತಿ. ಪ್ರೀತಿ ಅನ್ನಲೇ, ಶೋಕಿ ಅನ್ನಲೇ? ಮನೆ ಮುಂದೆ ಆನೆ ಕಟ್ಟಿಸಲಾಗದವರು ಗೇಟಿಗೆ ಒಬ್ಬ ಹವಾಲ್ದಾರನನ್ನು ನಿಲ್ಲಿಸುತ್ತಿದ್ದರು. ನಮ್ಮ ಹಳೇ ಸೇಠ್ ಪಾಪದವರು, ಕಾಕಾ ಕೈ ಮುಗಿದರೆ ಅವರೂ ಕೈ ಮುಗಿಯುತ್ತಿದ್ದರು. ಮಗ ಬಂದ ಮೇಲೆ ಶುರುವಾಯಿತು. ಅವನ ಕಾರು ಗೇಟಿಗೆ ಬಂದಾಗ ವಾಚ್‌ಮನ್ ಸಲ್ಯೂಟ್ ಹೊಡೆಯಬೇಕು. ಉಳಿದ ಮೂವರು ಮರುದಿನವೇ ಹೊಡೆದರು. ಕಾಕಾ ಗೇಟು ತೆರೆದು ಕೈ ಮುಗಿದರು.

ಮೂರು ದಿನ ಹೀಗೇ ಆದ ಮೇಲೆ ಮೆಮೊ ಬಂತು. ಟೈಪ್ ಮಾಡಿದವಳು ನಾನೇ, ಇಂಗ್ಲಿಷ್ ಬಾರದ ಅವರಿಗೆ ಓದಿ ಹೇಳಿದವಳೂ ನಾನೇ. ವಾರದೊಳಗೆ ಉತ್ತರ ಕೊಡದಿದ್ದರೆ ಕೆಲಸವಿಲ್ಲ, ಕೋಣೆಯೂ ಇಲ್ಲ.

“ಒಂದು ಸಲ್ಯೂಟಿನಿಂದ ಏನು ಹೋಗ್ತದೆ ಕಾಕಾ? ಹೊಡೆದುಬಿಡಿ ಮಾರಾಯ್ರೆ.”

“ಸಲ್ಯೂಟ್ ಆಫೀಸರನ ಮಾರಿಗಲ್ಲ ತಂಗಿ, ಅವನ ಹೆಗಲ ಮ್ಯಾಲಿನ ನಿಶಾನಿಗೆ. ಆ ನಿಶಾನಿ ದೇಶದ್ದು. ಈ ಹುಡುಗನ ಹೆಗಲ ಮ್ಯಾಲೆ ಏನೈತಿ? ಅವಗ ನಮಸ್ಕಾರ ಮಾಡ್ತೀನಿ, ನನಗಿಂತ ಸಣ್ಣಾವ ಇದ್ರೂ ಮಾಡ್ತೀನಿ. ಸಲ್ಯೂಟ್ ಮಾತ್ರ ಇಲ್ಲ. ಇದನ್ನ ಇಂಗ್ಲಿಷಿನ್ಯಾಗ ಬರಿ.”

ನಾನು ಬರೆದೆ. ಏನು ಬರೆದೆ ಗೊತ್ತೇ? ತಪ್ಪಾಯಿತು, ಕ್ಷಮಿಸಬೇಕು, ಇನ್ನು ಮುಂದೆ ತಪ್ಪದೆ ಸಲ್ಯೂಟ್ ಮಾಡುತ್ತೇನೆ. ಕೋಣೆ ಉಳಿಯಲಿ, ಆ ಮಗಳ ಓದು ಉಳಿಯಲಿ, ಮುಂದಿನದನ್ನು ಹೇಗೋ ಸಂಭಾಳಿಸಿದರಾಯಿತು ಎಂದು ನನ್ನ ಎಣಿಕೆ. “ನೀವು ಹೇಳಿದ್ದನ್ನೇ ಬರೆದಿದ್ದೇನೆ,” ಎಂದೆ. “ನೀ ಬರದದ್ದಂದ್ರ ಸರಿನ ಇರ್ತೈತಿ,” ಎಂದು ಕಾಕಾ ಸಹಿ ಹಾಕಿದರು.

ಮರುದಿನ ಮಧ್ಯಾಹ್ನ ಶಿಫ್ಟ್ ಬದಲಾಗುವ ಹೊತ್ತಿಗೆ ಮ್ಯಾನೇಜರ್ ಆ ಕಾಗದವನ್ನು ಗೇಟಿನಲ್ಲಿ ಎಲ್ಲರೆದುರು ಹಿಂದಿಯಲ್ಲಿ ಓದಿ ಹೇಳಿದ. ಯಾರೋ ಕಿಸಕ್ಕೆಂದರು. ಕಾಕಾ ತಲೆಯೆತ್ತಿ ನನ್ನ ಕಿಟಕಿಯತ್ತ ನೋಡಿದರು. ನಾನು ಟೈಪ್‌ರೈಟರಿನ ರಿಬ್ಬನ್ ಸರಿಪಡಿಸುವವಳಂತೆ ತಲೆ ತಗ್ಗಿಸಿದೆ. ಥೂ, ನನ್ನ ಜನ್ಮಕ್ಕೆ.

ಸ್ವಲ್ಪ ಹೊತ್ತಿಗೆ ಅವರು ನನ್ನ ಮೇಜಿನ ಮುಂದೆ ನಿಂತಿದ್ದರು.

“ನಂದೇನ್ ತಪ್ಪಾಗಿತ್ತು, ಹೇಳು.”

“ಕೆಲಸ ಉಳೀಲಿ ಅಂತ ಕಾಕಾ…”

“ಕೆಲಸ ನಂದು, ಮರ್ಯಾದಿನೂ ನಂದು. ಎರಡ್ರಾಗ ಯಾವುದು ಬಿಡಬೇಕು ಅನ್ನೂದು ನಾ ಹೇಳಬೇಕು. ನೀ ಯಾರು?” ಅವರ ದನಿ ಏರಲಿಲ್ಲ. “ಇನ್ನೊಂದು ಬರಿ. ಆ ಕಾಗದದಾಗ ಏನಿತ್ತೋ ನನಗ ಗೊತ್ತಿರಲಿಲ್ಲ, ಅದು ನನ್ನ ಮಾತಲ್ಲ ಅಂತ ಬರಿ.”

ಬರೆದೆ. ಮೊದಲಿನದನ್ನು ಬರೆದವಳು ನಾನು ಎಂದು ಸೇರಿಸಬೇಕಿತ್ತು. ಬೆರಳುಗಳು ಅಲ್ಲಿಗೆ ಬಂದು ನಿಂತವು. ಡೊಂಬಿವಲಿಯ ಬಾಡಿಗೆ, ಅಮ್ಮ, ನನ್ನ ಸಂಬಳ, ಎಲ್ಲ ಕಣ್ಣ ಮುಂದೆ. ಕಾಕಾ ನೋಡಿದರು. “ನಿನ್ನ ಹೆಸರು ಬ್ಯಾಡ ಬಿಡು. ಒಬ್ಬರ ಕೆಲಸ ಹೋದ್ರ ಸಾಕು,” ಎಂದರು. ನಾನು ತಕ್ಷಣ ಒಪ್ಪಿಕೊಂಡೆ. ಅಷ್ಟು ಬೇಗ ಒಪ್ಪಿಕೊಂಡದ್ದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಮರುದಿನ ಕಾಕಾ ಟ್ರಂಕಿನಿಂದ ತಮ್ಮ ಪದಕಗಳನ್ನು ತೆಗೆದು ಎದೆಗೆ ಸಿಕ್ಕಿಸಿಕೊಂಡು ಬಂದಿದ್ದರು. ಗುಂಡಿಗಳು ಝಗಝಗ. ಕಾರು ಬಂತು. ಕಾಕಾ ಗೇಟು ತೆರೆದರು, ಎದೆ ಸೆಟೆಸಿ ನಿಂತರು, ಎರಡೂ ಕೈ ಜೋಡಿಸಿ ಮುಗಿದರು. ಕಾರು ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಅವರು ಕೈ ಇಳಿಸಲಿಲ್ಲ.

ಸಂಜೆಗೆ ಕೆಲಸ ಹೋಯಿತು, ವಾರದಲ್ಲಿ ಕೋಣೆ. ಠಾಕುರ್ಲಿಗೆ ಹೋದೆ. ಕಾಕಾ ಟ್ರಂಕು ಹೆಗಲಿಗೇರಿಸುತ್ತಿದ್ದರು. ಅವರ ಮಗಳು ಮಾತ್ರ ನನ್ನ ಮುಖ ನೋಡಲಿಲ್ಲ. ಕಲ್ಯಾಣದ ಯಾವುದೋ ಮರದ ದಿಮ್ಮಿಗಳ ವಖಾರಿಯಲ್ಲಿ ಕಾವಲಿಗೆ ಸೇರಿದರೆಂದು ಆಮೇಲೆ ಕೇಳಿದೆ. ಅಲ್ಲೂ ಮಾಲಕನಿಗೆ ನಮಸ್ಕಾರವೇ ಅಂತೆ.

ದೀಪ ಒರೆಸಿಡುವಷ್ಟರಲ್ಲಿ ಸೊಸೈಟಿಯ ಚೇರ್ಮನ್ನರ ಫೋನು. ಕಾಗದ ಯಾಕೆ ಬಂದಿಲ್ಲ? ನನಗೆ ಒಪ್ಪಿಗೆಯಿಲ್ಲ ಎಂದೆ. ಅವರು ನಕ್ಕರು. “ಏನು ಮೇಡಂ, ಒಂದು ಸಲ್ಯೂಟಿನಿಂದ ಅವರಿಗೇನು ಹೋಗುತ್ತೆ?”

ನನ್ನದೇ ಮಾತು. ಅದೇ ದನಿ, ಅದೇ ಸಸಾರ.

“ಏನು ಹೋಗುತ್ತೆ ಅಂತ ಅವರು ಹೇಳಬೇಕು. ನೀವು ಯಾರು?” ಎಂದು ಫೋನಿಟ್ಟೆ.

ಕಾಗದದ ಮೇಲೆ ಅಡ್ಡಗೆರೆ ಎಳೆದು, ಈ ಆಜ್ಞೆಗೆ ನನ್ನ ವಿರೋಧವಿದೆ ಎಂದು ಬರೆದೆ. ಬೇಕಾದರೆ ನನ್ನನ್ನೇ ತೆಗೆಯಲಿ. ಕೆಳಗೆ ನೋಟಿಸ್ ಬೋರ್ಡಿಗೆ ಚುಚ್ಚಿ ಬರುವಾಗ ಗೇಟಿನಲ್ಲಿದ್ದ ನಡುವಯಸ್ಸಿನ ವಾಚ್‌ಮನ್ ಗಡಬಡಿಸಿ ಕೈಯನ್ನು ಹಣೆಯತ್ತ ಒಯ್ದ. ಅದು ಅಲ್ಲಿಗೆ ಮುಟ್ಟುವ ಮೊದಲೇ ನಾನು ಎರಡೂ ಕೈ ಮುಗಿದೆ. ಅವನು ಒಂದು ಕ್ಷಣ ನೋಡಿ, ತಾನೂ ಮುಗಿದ.

ಬೋರ್ಡಿನ ಮೇಲಿನ ಆ ಕಾಗದದ ಅಡಿಯಲ್ಲಿ ಈ ಸಲ ನನ್ನ ಹೆಸರಿದೆ, ಪೂರ್ತಿ ಹೆಸರು.