ನಡೀನ್ ತೂಗದ ಒಂದು ತೂಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಯೋಮಿಂಗ್‌ನ ಬೆಟ್ಟದ ಬುಡದ ಟ್ರೇಲರ್ ಅಂಗಳದಲ್ಲಿ ನಡೀನ್ ಹಾಕ್ಸ್‌ಟನ್ ಮಂಡಿಯೂರಿ ಕೂತು, ಪಿಕಪ್ ಟ್ರಕ್ಕಿನ ಹಿಂಬದಿಗೆ ಒಳಗೇ ಉಂಡು ಮಲಗುವಂಥ ಪ್ರವಾಸದ ಟ್ರೇಲರಿನ ಮೂತಿ ಕೂಡಿಸುತ್ತಿದ್ದಾಳೆ. ಕೈಗೆಲ್ಲ ಗ್ರೀಸು. ಬಾಯಿಗೆ ಬಿಡುವಿಲ್ಲ, ಕಾದು ನಿಂತ ಗಿರಾಕಿಗಳಿಗೆ ಪಾಠ ನಡೆದೇ ಇದೆ.

"ಜಾಹೀರಾತಲ್ಲಿ ಎಳೆಯೋ ತೂಕ ದೊಡ್ಡದಾಗಿ ಬರ್ದಿರ್ತಾರೆ, ನೋಡಿ ಕುಣೀತಾರೆ. ಡ್ರೈವರ್ ಬಾಗಿಲು ತೆಗೆದು, ಗಾಡಿ ಎಷ್ಟು ಹೊರತ್ತೆ ಅಂತ ಅಲ್ಲಿ ಅಂಟಿಸಿರೋ ಚೀಟಿ ಓದೋರು ಯಾರು? ಎಳೆಯೋದೇ ಬೇರೆ, ಹೊರೋದೇ ಬೇರೆ. ಟ್ರೇಲರ್ ಮೂತಿ ಟ್ರಕ್ಕಿನ ಮೇಲೆ ಕೂರತ್ತಲ್ಲ, ಅದೂ ಹೊರೆನೇ. ಗಂಡ, ಹೆಂಡ್ತಿ, ನಾಯಿ, ಸೌದೆ, ಎಲ್ಲಾ ಸೇರಿ ಅದೇ ಬೆನ್ನಿಗೆ."

ಲೆಕ್ಕ ತಪ್ಪಿದರೆ ಟ್ರಕ್ಕಿನ ಹಿಂಭಾಗ ಕುಗ್ಗುತ್ತದೆ, ಮುಂದಿನ ಚಕ್ರ ಹಗುರಾಗುತ್ತದೆ, ಇಳಿಜಾರಿನಲ್ಲಿ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಇಲ್ಲಿಯ ಘಾಟಿ ಯಾರ ಮುಖವನ್ನೂ ನೋಡುವುದಿಲ್ಲ. ಮರದ ಕಾರ್ಖಾನೆ ಮುಚ್ಚಿದಾಗ ಟ್ರೇಲರ್ ಕೂಡಿಸಿ ತೂಗಿ ಕಳಿಸುವ ಈ ಕೆಲಸಕ್ಕೆ ಬಂದ ನಡೀನ್, ಬೇಸಿಗೆಯಲ್ಲಿ ದಿನಕ್ಕೆ ಹದಿನೈದಿಪ್ಪತ್ತು ಗಾಡಿಗಳನ್ನು ತೂಕದ ಕಟ್ಟೆಗೆ, ಅಂದರೆ ವೇಬ್ರಿಜ್‌ಗೆ, ಹತ್ತಿಸುತ್ತಾಳೆ. ಹೊರೆ ಹೆಚ್ಚಾದ ಮೂರ್ನಾಲ್ಕನ್ನಾದರೂ ಮುಲಾಜಿಲ್ಲದೆ ನಿಲ್ಲಿಸುತ್ತಾಳೆ, ಬೈಸಿಕೊಳ್ಳುತ್ತಾಳೆ. ಮೈತೂಕ ಕೇಳಿದರೆ ಹೆಂಗಸರಿರಲಿ, ಗಂಡಸರೂ ಸುಳ್ಳು ಹೇಳುತ್ತಾರೆ. ಅದಕ್ಕೇ ಯಾರನ್ನೂ ಕೇಳದೆ, ಮನೆಮಂದಿಯನ್ನೆಲ್ಲ ಒಟ್ಟಿಗೆ ಗಾಡಿಯಲ್ಲಿ ಕೂರಿಸಿಯೇ ತೂಗುತ್ತಾಳೆ.

ಊರವರನ್ನೆಲ್ಲ ಪ್ರವಾಸಕ್ಕೆ ಕಳಿಸುವ ಈಕೆ ಸ್ವತಃ ಘಾಟಿಯಾಚೆ ಹೋದವಳಲ್ಲ. ಇವತ್ತು ಹೊರಟಿರುವುದು ಅವಳದೇ ಟ್ರೇಲರ್. ಶಾಲೆಯ ಬಸ್ ಓಡಿಸುವ ಗಂಡ ವೆಂಡೆಲ್, ಅವಳು ಕಲಿಸಿದಂತೆಯೇ ಎಲ್ಲವನ್ನೂ ಕೂಡಿ ಕಳೆದು, ಹಳೆಯ ಟ್ರೇಲರೊಂದನ್ನು ಕೊಂಡಿದ್ದಾನೆ. ಇಬ್ಬರೂ ಹತ್ತಿ ಕೂತು ವೇಬ್ರಿಜ್ ಮೇಲೆ ಬರುತ್ತಾರೆ. ಹಿಂದೆ ಸಾಲುಗಟ್ಟಿದವರಿಗೆಲ್ಲ ಕಾಣುವಂತೆ ಕೆಂಪು ಅಂಕಿ ಬೆಳಗುತ್ತದೆ. ಟ್ರಕ್ಕಿನ ಮಿತಿಗಿಂತ ಎಪ್ಪತ್ತು ಪೌಂಡ್ ಹೆಚ್ಚು.

ಸಾಲಿನಲ್ಲಿದ್ದ ಗಾರ್ಥ್‌ಗೆ ಹಬ್ಬ. ಮೊನ್ನೆ ಅವನ ಗಾಡಿಯನ್ನು ಹೊರೆ ಹೆಚ್ಚೆಂದು ನಡೀನ್ ವಾಪಸ್ ಕಳಿಸಿದ್ದಳು.

"ಏನಯ್ಯಾ ವೆಂಡೆಲ್, ಊರಿಗೆಲ್ಲ ಬುದ್ಧಿ ಹೇಳೋರ ಮನೇಲೇ ಹೀಗಾ? ಕೂಡೋ ಲೆಕ್ಕಾನೂ ಬರಲ್ವಾ ನಿಂಗೆ?"

ವೆಂಡೆಲ್ ಹೆಂಡತಿಯ ಮುಖ ನೋಡುತ್ತಾನೆ. ಅವಳು ತಲೆ ತಗ್ಗಿಸಿದ್ದನ್ನು ಕಂಡು ಎಲ್ಲವೂ ಅರ್ಥವಾಗುತ್ತದೆ. ಕೆಳಗಿಳಿದು, ಟ್ರಕ್ಕಿನ ಹಿಂದೆ ಕಟ್ಟಿದ್ದ ಜನರೇಟರಿನ ಹಗ್ಗ ಬಿಚ್ಚತೊಡಗುತ್ತಾನೆ.

"ಹೌದು ಕಣಪ್ಪಾ, ಜನರೇಟರ್ ತೂಕ ಕಮ್ಮಿ ಹಿಡಿದುಬಿಟ್ಟೆ. ದಡ್ಡ ನಾನು."

ಜನ ನಗುತ್ತಾರೆ. ಟ್ರಕ್ಕಿನಲ್ಲೇ ಕೂತ ನಡೀನ್‌ಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತದೆ. ಗಂಡ ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡರೆ ತನ್ನ ಮರ್ಯಾದೆ ಉಳಿಯುತ್ತದೆ, ಅವನದು ಹೋಗುತ್ತದೆ. ಅವಳು ಟ್ರಕ್ಕಿನಿಂದ ಇಳಿಯುತ್ತಾಳೆ.

"ಅವನ ಲೆಕ್ಕ ಸರಿಯಾಗೇ ಇದೆ ಗಾರ್ಥ್. ನಿನ್ನ ತೂಕ ಎಷ್ಟೇ ಅಂತ ಕೇಳಿದ. ನಾನು ಮದುವೆ ದಿನದ್ದು ಹೇಳ್ದೆ, ನೂರ ನಲವತ್ತು. ಈಗ ಇನ್ನೂರ ಹತ್ತು ಪೌಂಡ್ ಇದೀನಿ. ಕೇಳಿಸ್ತಾ? ಇನ್ನೂರ ಹತ್ತು!"

ಯಾರೂ ನಗುವುದಿಲ್ಲ. ಗಾರ್ಥ್ ತನ್ನ ಬೂಟು ನೋಡಿಕೊಳ್ಳುತ್ತಾನೆ. ಕಿವಿಯವರೆಗೂ ಕೆಂಪಾದ ನಡೀನ್ ಜನರೇಟರಿನ ಇನ್ನೊಂದು ತುದಿಗೆ ಕೈ ಹಾಕುತ್ತಾಳೆ.

"ಬಿಡೇ, ನಾನಿಳಿಸ್ತೀನಿ," ಎನ್ನುತ್ತಾನೆ ವೆಂಡೆಲ್. "ಇದಿಲ್ದೆ ಅಲ್ಲಿ ರಾತ್ರಿ ದೀಪ ಇರಲ್ಲ ಕಣೇ, ಪರವಾಗಿಲ್ವಾ?"

"ಇಲ್ದಿದ್ರೇ ಒಳ್ಳೇದು," ಎನ್ನುತ್ತಾಳೆ ನಡೀನ್. "ಇವತ್ತೊಂದಿನ ನೀನು ನನ್ನ ಮುಖ ನೋಡ್ಬೇಡ."